ಕಾಫಿ ಹೂವಿನ ವಾಸನೆ ಮತ್ತು ಬೆಂಗಳೂರಿನ ದಾರಿ

ಮಾರ್ಚಿ ಕೊನೆಗೆ ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ನಮ್ಮ ಕಡೆಯ ತೋಟಗಳು ಬೆಳ್ಳಗಾಗುತ್ತವೆ. ಸಕಲೇಶಪುರದಿಂದ ಹಾನುಬಾಳಿಗೋ ಹೆತ್ತೂರಿಗೋ ಬಸ್ಸಿನಲ್ಲಿ ಹೋಗುವವರ ಮುಖಕ್ಕೂ ಮಲ್ಲಿಗೆಯಂಥ ಆ ವಾಸನೆ ಬಡಿಯುತ್ತದೆ. ಅಂಥ ಒಂದು ವಾರದಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ನನ್ನಲ್ಲಿಗೆ ಬಂದು, "ಈ ಸಲ ಹೂವಿಗೆ ವಾಸನೆಯೇ ಇಲ್ಲ ಡಾಕ್ಟ್ರೇ" ಎಂದರು. ಶೀತವಿರಬೇಕೆಂದು ಮಾತ್ರೆ ಬರೆದುಕೊಟ್ಟೆ.

ಆ ಮಳೆಗಾಲದಲ್ಲಿ ಅವರ ಮಗ ಬಂದ. ಸಾರು ಸೀದು ಹೊಗೆಯೆದ್ದರೂ ಅಮ್ಮ ಒಲೆಯ ಮುಂದೆ ಸುಮ್ಮನೆ ಕೂತಿರುತ್ತಾರೆ, ಮಾತು ಕಡಿಮೆಯಾಗಿದೆ, ಸ್ನಾನ ಮಾಡಿ ಎಂದರೂ ಏಳುವುದಿಲ್ಲ ಎಂದ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮನಸ್ಸಿನ ಬೇಸರವೆಂದು ತಿಳಿದು ಅದಕ್ಕೆ ಔಷಧಿ ಕೊಟ್ಟೆ. ಊರಿನವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಬಲಗಣ್ಣು ಮಂಜಾಯಿತು. ಆಗ ಆಫ್ತಾಲ್ಮೋಸ್ಕೋಪ್ ಹಿಡಿದು ಕಣ್ಣಿನೊಳಗೆ ನೋಡಿದರೆ ಬಲಗಣ್ಣಿನ ನರ ಬಿಳಿಚಿಕೊಂಡಿತ್ತು, ಎಡಗಣ್ಣಿನದು ಊದಿಕೊಂಡಿತ್ತು. ಅದೇ ದಿನ ಹಾಸನದಲ್ಲಿ ತೆಗೆಸಿದ ಸ್ಕ್ಯಾನಿನಲ್ಲಿ ಹಣೆಯ ಹಿಂದೆ, ಮೂಗಿನ ಬೇರಿನ ಮೇಲೆ, ಮೋಸಂಬಿ ಗಾತ್ರದ ಗೆಡ್ಡೆ ಕಂಡಿತು. ಮೆನಿಂಜಿಯೋಮಾ. ಮೆದುಳಿನ ಹೊದಿಕೆಯಿಂದ ಹುಟ್ಟುವ, ಬಹುಪಾಲು ಕ್ಯಾನ್ಸರ್ ಅಲ್ಲದ, ನಿಧಾನವಾಗಿ ಬೆಳೆಯುವ ಗೆಡ್ಡೆ ಅದು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅವರು ಗುಣವಾಗಿ ಬಂದರು. ಮೊದಲಿನ ಮಾತು, ಮೊದಲಿನ ಚುರುಕು ಮರಳಿತು. ಬಲಗಣ್ಣಿನ ದೃಷ್ಟಿ ಪೂರ್ತಿ ಮರಳಲಿಲ್ಲ. ವಾಸನೆಯಂತೂ ಬರಲೇ ಇಲ್ಲ.

ವಾಸನೆಯ ನರವನ್ನು ಪರೀಕ್ಷಿಸಲು ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಸಾಧನವೇ ಕಾಫಿ ಪುಡಿ. ಕಣ್ಣು ಮುಚ್ಚಿಸಿ, ಒಂದೊಂದೇ ಹೊಳ್ಳೆಗೆ ಹಿಡಿದು, ಇದೇನು ಎಂದು ಕೇಳಬೇಕು. ಕಾಫಿ ಬೆಳೆಯುವ ಊರಿನಲ್ಲಿ ಕೂತು ಆ ಪರೀಕ್ಷೆಯನ್ನು ನಾನು ಮಾಡಲಿಲ್ಲ. ಎಷ್ಟೋ ತಿಂಗಳು ಹೋದವು, ಒಂದು ಕಣ್ಣು ಹೋಯಿತು. ಅವರ ಮನೆಯವರು ಇವತ್ತಿಗೂ ನನ್ನನ್ನು ದೂರಿಲ್ಲ, ನಾನು ಮರೆತಿಲ್ಲ.

ಈ ಉಪನ್ಯಾಸದ ದತ್ತಿಯನ್ನು ಇಟ್ಟ ಕುಟುಂಬದವರು, ವೈದ್ಯವಿಷಯವೊಂದನ್ನು ನಮ್ಮೂರಿನವರಿಗೆ ತಿಳಿಯುವ ಕನ್ನಡದಲ್ಲಿ ಹೇಳಬೇಕೆಂದು ಕೇಳಿದಾಗ ನಾನು ಇದನ್ನೇ ಆರಿಸಿಕೊಂಡೆ: ನರಮಂಡಲದ ಗೆಡ್ಡೆಗಳು, ಮತ್ತು ಮೈಯ ಬೇರೆಡೆ ಹುಟ್ಟಿದ ಕ್ಯಾನ್ಸರು ನರಗಳಿಗೆ ತರುವ ತೊಂದರೆಗಳು. ನಾನು ನರರೋಗ ತಜ್ಞನಲ್ಲ. ಸಕಲೇಶಪುರ, ಆಲೂರಿನ ನಡುವೆ ಮೂವತ್ತು ವರ್ಷ ಜ್ವರ, ಹೆರಿಗೆ, ಹಾವು ಕಡಿತ ನೋಡಿಕೊಂಡು ಬಂದ ಸಾಮಾನ್ಯ ವೈದ್ಯ. ಆದರೂ ಮಾತಾಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಏಕೆಂದರೆ ಈ ಕಾಯಿಲೆಗಳಲ್ಲಿ ರೋಗಿಯ ಪಾಡಿನ ದೊಡ್ಡ ಪಾಲು ದೊಡ್ಡಾಸ್ಪತ್ರೆಯ ಬಾಗಿಲು ತಲುಪುವ ಮೊದಲೇ, ನನ್ನಂಥವರ ಮೇಜಿನ ಮುಂದೆ ಅಥವಾ ಮನೆಯ ಜಗಲಿಯಲ್ಲಿ ತೀರ್ಮಾನವಾಗಿಬಿಡುತ್ತದೆ. ಇನ್ನೊಂದು ಮಾತೂ ಇದೆ. ಚಿಕಿತ್ಸೆ ಗೊತ್ತುಮಾಡುವಾಗ ರೋಗದ ಜೊತೆಗೆ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಕಲೇಶಪುರದಿಂದ ಹಾಸನ ಸುಮಾರು 40 ಕಿಲೋಮೀಟರ್, ಮಂಗಳೂರು 130, ಬೆಂಗಳೂರು 220. ಬಿಸಿಲೆಯ ಕಡೆಯವರು ಸಕಲೇಶಪುರಕ್ಕೆ ಬರುವ ಹೊತ್ತಿಗೇ ಅರ್ಧ ದಿನ ಕಳೆದಿರುತ್ತದೆ. ನಾನು ಹೇಳುವ ರೋಗಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ತಲೆಬುರುಡೆ ಹಿಗ್ಗುವುದಿಲ್ಲ. ಹೊಟ್ಟೆಯಲ್ಲಿ ಗೆಡ್ಡೆ ಬೆಳೆದರೆ ಹೊಟ್ಟೆ ಮುಂದೆ ಬರುತ್ತದೆ. ತಲೆಯಲ್ಲಿ ಬೆಳೆದರೆ ಮೆದುಳೇ ಜಾಗ ಬಿಟ್ಟುಕೊಡಬೇಕು. ಹಾಗಾಗಿ ಕ್ಯಾನ್ಸರ್ ಅಲ್ಲದ ಗೆಡ್ಡೆಯೂ ಇಲ್ಲಿ ಪ್ರಾಣ ತೆಗೆಯಬಲ್ಲದು, ಸಕಾಲಕ್ಕೆ ತೆಗೆದರೆ ಪೂರ್ತಿ ವಾಸಿಯೂ ಆಗಬಲ್ಲದು. ಒಳಗಿನ ಒತ್ತಡ ಹೆಚ್ಚಿದಾಗ ಬೆಳಗಿನ ಜಾವ ತಲೆನೋವಿನಿಂದ ಎಚ್ಚರವಾಗುವುದು, ವಾಂತಿಯಾದ ಮೇಲೆ ಸ್ವಲ್ಪ ಹಗುರಾಗುವುದು, ಕೆಮ್ಮಿದರೆ ಬಗ್ಗಿದರೆ ನೋವು ಹೆಚ್ಚುವುದು ಹಲವರಲ್ಲಿ ಕಾಣುತ್ತದೆ. ಒಂದು ಕೈಯಿಂದ ಲೋಟ ಜಾರುವುದು, ನಡೆಯುವಾಗ ಒಂದು ಚಪ್ಪಲಿ ಮಾತ್ರ ಕಳಚಿ ಹೋಗುವುದು, ಗೊತ್ತಿದ್ದ ಪದ ಬಾಯಿಗೆ ಬಾರದಿರುವುದು, ಲೆಕ್ಕದಲ್ಲಿ ಗಟ್ಟಿಯಿದ್ದ ತೋಟದ ರೈಟರು ವಾರದ ಬಟವಾಡೆಯಲ್ಲಿ ಪದೇ ಪದೇ ತಪ್ಪುವುದು: ಇವು ಗೆಡ್ಡೆ ಎಲ್ಲಿದೆ ಎಂಬುದನ್ನು ಹೇಳುತ್ತವೆ. ತಲೆನೋವಿರುವವರೆಲ್ಲ ಹೆದರಬೇಕಿಲ್ಲ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತಲೆನೋವಿಗೆ ಇಂಥ ಕಾರಣವಿರುವುದಿಲ್ಲ. ಹೊಸದಾಗಿ ಬಂದು ವಾರದಿಂದ ವಾರಕ್ಕೆ ಏರುತ್ತ ಹೋಗುವ ನೋವಿಗೆ ಮಾತ್ರ ಹೆದರಿ.

ಫಿಟ್ಸಿನ ವಿಷಯಕ್ಕೆ ಬರುತ್ತೇನೆ. ದೊಡ್ಡವರಲ್ಲಿ ಮೊದಲ ಸಲ ಫಿಟ್ಸ್ ಬಂದರೆ ತಲೆಯ ಸ್ಕ್ಯಾನ್ ಆಗಲೇಬೇಕು. ಕೈಗೆ ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ. ಪಕ್ಕಕ್ಕೆ ಮಗ್ಗುಲು ಮಾಡಿ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ. ಸ್ಕ್ಯಾನ್ ಆಗುವವರೆಗೆ ಮೆಣಸು ಕೊಯ್ಯಲು ಏಣಿ ಹತ್ತುವುದು, ಮರಗಸಿಗೆ ಹೋಗುವುದು, ಹೊಳೆಗೆ ಇಳಿಯುವುದು, ಬೈಕ್ ಓಡಿಸುವುದು ಇವಕ್ಕೆ ಬಿಡಬೇಡಿ.

ಎಲ್ಲ ಫಿಟ್ಸೂ ಗೆಡ್ಡೆಯಲ್ಲ ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು. ಹಂಡೆಯ ಬಿಸಿನೀರನ್ನು ತಲೆಗೆ ಸುರಿದುಕೊಂಡಾಗ ಮಾತ್ರ ಬರುವ ಫಿಟ್ಸ್ ದಕ್ಷಿಣ ಕರ್ನಾಟಕದಲ್ಲಿ ಬೇರೆಡೆಗಿಂತ ಹೆಚ್ಚು. ಬೆಂಗಳೂರಿನ ಕೆ.ಎಸ್. ಮಣಿ, ಆಮೇಲೆ ನಿಮ್ಹಾನ್ಸಿನ ಪಿ. ಸತೀಶ್ಚಂದ್ರ ಇದನ್ನು ಜಗತ್ತಿಗೆ ವಿವರಿಸಿದವರು. ಉಗುರುಬೆಚ್ಚಗಿನ ನೀರಿಗೆ ಬದಲಾಯಿಸಿದರೇ ಎಷ್ಟೋ ಜನರಿಗೆ ನಿಂತುಹೋಗುತ್ತದೆ. ಇನ್ನು ಸ್ಕ್ಯಾನಿನಲ್ಲಿ ಕಾಣುವ ಉಂಗುರ. ಫಿಟ್ಸ್ ಬಂದ ಹುಡುಗನ ಮೆದುಳಿನಲ್ಲಿ ಬಟಾಣಿಯಷ್ಟು ಉಂಗುರದಂಥ ಮಚ್ಚೆ ಕಂಡರೆ, "ಗೆಡ್ಡೆಯಂತೆ" ಎಂಬ ಸುದ್ದಿ ವರದಿಗಿಂತ ಮೊದಲು ಊರು ತಲುಪಿರುತ್ತದೆ. ಅಂಥ ಬಹಳಷ್ಟು ಮಚ್ಚೆಗಳು ಹಂದಿಯ ಲಾಡಿಹುಳುವಿನ ಮರಿಕೋಶಗಳು, ಕೆಲವು ಕ್ಷಯದ ಗಂಟುಗಳು. ಸ್ಕ್ಯಾನ್ ಯಂತ್ರಗಳು ನಮ್ಮ ದೇಶಕ್ಕೆ ಬಂದ ಹೊಸದರಲ್ಲಿ ಇಂಥವನ್ನೆಲ್ಲ ಕ್ಷಯವೆಂದೇ ತಿಳಿದು ವರ್ಷಗಟ್ಟಲೆ ಟಿ.ಬಿ. ಮಾತ್ರೆ ನುಂಗಿಸುತ್ತಿದ್ದರು. ವೆಲ್ಲೂರಿನ ವೇದಾಂತಂ ರಾಜಶೇಖರ್ ಮತ್ತು ಜೊತೆಗಾರರು ಅವುಗಳ ತುಣುಕು ತೆಗೆದು ಪರೀಕ್ಷಿಸಿ, ಬಹುಪಾಲು ಹುಳುವಿನ ಕೋಶಗಳೆಂದು ತೋರಿಸಿದರು. 20 ಮಿಲಿಮೀಟರಿಗಿಂತ ಚಿಕ್ಕದಾಗಿದ್ದು ತಲೆಯೊಳಗಿನ ಒತ್ತಡ ಹೆಚ್ಚಿಲ್ಲದಿದ್ದರೆ ಅವಸರದ ಶಸ್ತ್ರಚಿಕಿತ್ಸೆ ಬೇಡ ಎಂಬ ಅಳತೆಗೋಲನ್ನೂ ಕೊಟ್ಟರು. ಈ ಕೆಲಸದಿಂದ ಎಷ್ಟು ತಲೆಗಳು ಚಾಕುವಿನಿಂದ ಪಾರಾದವೋ!

ನಮ್ಮ ಮಲೆನಾಡಿನಲ್ಲಿ ಹಂದಿಮಾಂಸ ತಿನ್ನುವ ಮನೆಗಳಿವೆ, ತಿನ್ನದ ಮನೆಗಳೂ ಇವೆ. ತಿನ್ನದವರು "ನಮಗೆ ಹೇಗೆ ಬಂತು?" ಎಂದು ಕೇಳುತ್ತಾರೆ. ಸರಿಯಾಗಿ ಬೇಯದ ಮಾಂಸದಿಂದ ಕರುಳಿಗೆ ಸೇರುವುದು ಲಾಡಿಹುಳು. ಆ ಹುಳು ಇರುವವರ ಮಲದಿಂದ ಅದರ ಮೊಟ್ಟೆ ನೀರಿಗೆ, ಸೊಪ್ಪಿಗೆ, ಕೈಗೆ ಹತ್ತಿ ಇನ್ನೊಬ್ಬರ ಬಾಯಿಗೆ ಹೋದಾಗ ಮೆದುಳಿನಲ್ಲಿ ಕೋಶವಾಗುತ್ತದೆ. ಸಸ್ಯಾಹಾರಿಗೂ ಬರುವುದು ಹೀಗೆ. ಕೂಲಿ ಲೈನುಗಳಲ್ಲಿ ಶೌಚಾಲಯ ಕಟ್ಟಿಸಿದ ತೋಟದ ಮಾಲೀಕರು ತಮಗೆ ಗೊತ್ತಿಲ್ಲದೆಯೇ ನರರೋಗ ತಡೆದವರು.

ತಾಲ್ಲೂಕು ಮಟ್ಟದಲ್ಲಿ ನರರೋಗಕ್ಕೆ ಏನು ಮಾಡಲು ಸಾಧ್ಯ ಎಂದು ಕೇಳುವವರಿಗೆ ನಾನು ಯಳಂದೂರನ್ನು ತೋರಿಸುತ್ತೇನೆ. ಕೆ.ಎಸ್. ಮಣಿಯವರು ಆ ಸಣ್ಣ ತಾಲ್ಲೂಕಿನಲ್ಲಿ ಮನೆ ಮನೆ ಸಮೀಕ್ಷೆ ಮಾಡಿಸಿ, ಮೂರ್ಛೆ ರೋಗಿಗಳನ್ನು ಹುಡುಕಿ, ಅಗ್ಗದ ಹಳೆಯ ಎರಡು ಔಷಧಿಗಳಿಂದಲೇ ಹಲವರ ಫಿಟ್ಸ್ ಹತೋಟಿಗೆ ತರಬಹುದೆಂದು ತೋರಿಸಿದರು. 2001ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ 1,02,557 ಜನರನ್ನು ನಿಮ್ಹಾನ್ಸಿನ ಗೌರಿದೇವಿ, ಗುರುರಾಜ್, ಸತೀಶ್ಚಂದ್ರ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದಾಗ, ನರರೋಗಗಳ ಪ್ರಮಾಣ ಪಟ್ಟಣದಲ್ಲಿ ಲಕ್ಷಕ್ಕೆ 2,190, ಹಳ್ಳಿಯಲ್ಲಿ 4,070 ಎಂದು ಕಂಡುಬಂತು. ಹಳ್ಳಿಯಲ್ಲಿ ರೋಗ ಹೆಚ್ಚುಕಡಿಮೆ ಎರಡು ಪಟ್ಟು, ನರರೋಗ ತಜ್ಞರೋ ಪಟ್ಟಣದಲ್ಲಿ. 2022ರಲ್ಲಿ ಆರಂಭವಾದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಜಿಲ್ಲಾ, ತಾಲ್ಲೂಕು ವೈದ್ಯರಿಗೆ ತರಬೇತಿ ಕೊಡಲು ಹೊರಟಿರುವುದು ಯಳಂದೂರಿನ ದಾರಿಯಲ್ಲೇ ಎಂದು ನಾನು ತಿಳಿದಿದ್ದೇನೆ. ಅದು ನಮ್ಮ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೂ ಬೇರೂರಬೇಕು.

"ನಿಮ್ಹಾನ್ಸಿಗೆ ಬರೆದುಕೊಡ್ತೀನಿ" ಎಂದರೆ ಮುಖ ಕಪ್ಪಿಡುವವರು ಈಗಲೂ ಇದ್ದಾರೆ. "ಅಮ್ಮನಿಗೇನು ಹುಚ್ಚೇ?" ಎಂದು, ವಾಸನೆ ಕಳೆದುಕೊಂಡ ಆ ಹೆಂಗಸಿನ ಮಗನೂ ಕೇಳಿದ್ದ. ಅದಕ್ಕೆ ಕಾರಣವಿದೆ. ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡನ್ನೂ ಸೇರಿಸಿ 1974ರ ಡಿಸೆಂಬರ್ 27ರಂದು ಆದದ್ದೇ ನಿಮ್ಹಾನ್ಸ್. ಮನಸ್ಸು, ನರ ಎರಡನ್ನೂ ಒಂದೇ ಸೂರಿನಡಿ ನೋಡಬೇಕೆಂಬ ಆ ಯೋಚನೆಗೆ ಮೊದಲ ನಿರ್ದೇಶಕರಾದವರು ನರಶಸ್ತ್ರಚಿಕಿತ್ಸಕ ಆರ್.ಎಂ. ವರ್ಮ. ನನ್ನ ಆ ರೋಗಿಯನ್ನು ನೆನೆದರೆ ಆ ಯೋಚನೆ ಎಷ್ಟು ಸರಿಯಿತ್ತು ಎನಿಸುತ್ತದೆ. ಮನಸ್ಸಿನ ಬೇಸರದಂತೆ ಕಂಡದ್ದು ಹಣೆಯ ಹಿಂದಿನ ಗೆಡ್ಡೆಯಾಗಿತ್ತು. ಅಲ್ಲೇ ಎಸ್.ಕೆ. ಶಂಕರ್ ಕಟ್ಟಿ ಬೆಳೆಸಿದ ಮೆದುಳು ಬ್ಯಾಂಕ್ ಇದೆ, ಸಾರ್ವಜನಿಕರೂ ನೋಡಬಹುದಾದ ಮೆದುಳಿನ ಸಂಗ್ರಹಾಲಯವಿದೆ. ನಮ್ಮ ಶಾಲೆಗಳು ಪ್ರವಾಸಕ್ಕೆ ಬೆಂಗಳೂರಿಗೆ ಹೋಗುವಾಗ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಲಿ. ನಿಜವಾದ ಮೆದುಳನ್ನು ಒಮ್ಮೆ ಅಂಗೈಯಲ್ಲಿ ಹಿಡಿದು ನೋಡಿದ ಮಗು ಮುಂದೆ ಫಿಟ್ಸ್ ಬಂದವರ ಕೈಗೆ ಬೀಗದ ಕೈ ಹಿಡಿಸಲು ಹೋಗುವುದಿಲ್ಲ.

ಇನ್ನು ಕಠಿಣವಾದ ಗೆಡ್ಡೆಯ ಮಾತು. ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ ದೊಡ್ಡವರಿಗೆ ಹೆಚ್ಚಾಗಿ ಬರುವುದೂ, ಹೆಚ್ಚು ಕ್ರೂರವಾದದ್ದೂ ಗ್ಲಿಯೋಬ್ಲಾಸ್ಟೋಮಾ. ಬೇರು ಬಿಟ್ಟ ಕಳೆಯಂತೆ ಅದು ಸುತ್ತಲಿನ ಮೆದುಳಿನೊಳಗೆ ಹರಡಿರುವುದರಿಂದ ಎಷ್ಟು ತೆಗೆದರೂ ಪೂರ್ತಿ ಬರುವುದಿಲ್ಲ. 2005ರಲ್ಲಿ ರೋಜರ್ ಸ್ಟುಪ್ ಮತ್ತು ಜೊತೆಗಾರರು 573 ರೋಗಿಗಳ ಅಧ್ಯಯನ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯ ನಂತರ ಆರು ವಾರ ವಿಕಿರಣ, ಅದರ ಜೊತೆಗೇ ಟೆಮೊಜೊಲೊಮೈಡ್ ಎಂಬ ನುಂಗುವ ಔಷಧಿ. ವಿಕಿರಣ ಮಾತ್ರ ಪಡೆದವರಲ್ಲಿ ಎರಡು ವರ್ಷ ದಾಟಿದವರು ನೂರಕ್ಕೆ 10, ಔಷಧಿ ಸೇರಿಸಿದವರಲ್ಲಿ 26. ಇವತ್ತಿಗೂ ಚಿಕಿತ್ಸೆಯ ತಳಹದಿ ಅದೇ. ಒಂದೇ ಹೆಸರಿನ ಗೆಡ್ಡೆ ಒಬ್ಬರಲ್ಲಿ ಔಷಧಿಗೆ ಬಗ್ಗಿ ಇನ್ನೊಬ್ಬರಲ್ಲಿ ಬಗ್ಗದಿರುವುದಕ್ಕೆ ಅದರ ಜೀನುಗಳಲ್ಲಿ ಕಾರಣವಿದೆ. ನಿಮ್ಹಾನ್ಸಿನ ವಾಣಿ ಸಂತೋಷ್, ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಸೇರಿ ನಮ್ಮವರ ಗೆಡ್ಡೆಗಳ ಮೇಲೆಯೇ ಇದನ್ನು ವರ್ಷಗಳಿಂದ ಅಭ್ಯಾಸ ಮಾಡಿದ್ದಾರೆ. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಜೀನಿನ ಪರೀಕ್ಷೆಯಿಲ್ಲದೆ ಹಲವು ಗೆಡ್ಡೆಗಳಿಗೆ ಹೆಸರಿಡುವುದೇ ಆಗುವುದಿಲ್ಲ. ಹಾಗಾಗಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ಸ್ಕ್ಯಾನಿನ ಸಿ.ಡಿ. ಮಾತ್ರ ತೆಗೆದುಕೊಂಡು ಹೋಗಬೇಡಿ. ತೆಗೆದ ಗೆಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿದ ಬ್ಲಾಕನ್ನು ಕೇಳಿ ಪಡೆಯಿರಿ. ಬೆರಳುಗಾತ್ರದ ಆ ಮೇಣದ ತುಂಡು ಇಲ್ಲದೆ ಬೆಂಗಳೂರಿನಿಂದ ಬರಿಗೈಲಿ ಹಿಂದಿರುಗಿದವರನ್ನು ನಾನು ಕಂಡಿದ್ದೇನೆ.

ಆರು ವಾರದ ವಿಕಿರಣವೆಂದರೆ ವಾರಕ್ಕೆ ಐದು ದಿನದಂತೆ 30 ಸಲ. ಪ್ರತಿ ಸಲ ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ಉಳಿದ ಹೊತ್ತೆಲ್ಲ ಕಾಯುವುದು. ಮಂಗಳೂರಿಗೆ ಹೋಗಿಬರುತ್ತೇವೆ ಎಂದುಕೊಂಡವರಿಗೆ ಮಳೆಗಾಲದಲ್ಲಿ ಶಿರಾಡಿ ಘಾಟಿ ಏನು ಮಾಡುತ್ತದೆಂದು ನಿಮಗೆ ಗೊತ್ತು; ದೋಣಿಗಾಲಿನ ಹತ್ತಿರ ಗುಡ್ಡ ಕುಸಿದರೆ ಆ ವಾರದ ಚಿಕಿತ್ಸೆ ತಪ್ಪಿತು. ವಿಕಿರಣದ ದಿನಗಳು ನಡುವೆ ತಪ್ಪಬಾರದು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಶುರುವಾದದ್ದು 1973ರಲ್ಲಿ, ನಿಮ್ಹಾನ್ಸಿಗೆ ಹತ್ತಿರದಲ್ಲೇ ಇದೆ. ಎರಡೂ ಕಡೆ ಧರ್ಮಶಾಲೆಯ ಅನುಕೂಲವಿದೆ. ಅಲ್ಲಿ ಉಳಿದುಕೊಂಡರೆ ದಾರಿ ಉಳಿಯುತ್ತದೆ, ಆದರೆ ಜೊತೆಗೆ ಹೋದವರ ಕೂಲಿ ಆರು ವಾರ ನಿಲ್ಲುತ್ತದೆ. 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಕೂಲಿ ಕಳೆದುಕೊಂಡದ್ದಕ್ಕೆ ಸಿಗುವುದಿಲ್ಲ. ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಮಾಡಿಸಿಕೊಳ್ಳಿ. ಅದಿಲ್ಲದೆ ಹೋಗಿ, ಅದಕ್ಕೆಂದೇ ಮತ್ತೆ ಹಾಸನಕ್ಕೆ ಬಂದವರಿದ್ದಾರೆ.

ಇಲ್ಲಿ ಒಂದು ಸಂತೋಷದ ವಿಷಯ ಹೇಳಬಹುದು. 65 ದಾಟಿದವರಿಗೆ ಈ ಆರು ವಾರವನ್ನು ಮೂರು ವಾರಕ್ಕೆ, 15 ಸಲಕ್ಕೆ ಇಳಿಸಬಹುದು. ಅದರ ಜೊತೆಗೂ ಟೆಮೊಜೊಲೊಮೈಡ್ ಕೊಟ್ಟರೆ ಆಯುಸ್ಸು ಸ್ವಲ್ಪ ಹೆಚ್ಚುತ್ತದೆ ಎಂದು 2017ರಲ್ಲಿ ಕೆನಡಾದ ಜೇಮ್ಸ್ ಪೆರಿ ಮತ್ತಿತರರು ತೋರಿಸಿದರು. ಟೊರಾಂಟೋದ ಮುದುಕರಿಗೆ ಅದು ಅನುಕೂಲ. ಯಸಳೂರಿನ ಮುದುಕರಿಗೆ ಅದು ಚಿಕಿತ್ಸೆ ಸಿಗುವುದಕ್ಕೂ ಸಿಗದಿರುವುದಕ್ಕೂ ಇರುವ ವ್ಯತ್ಯಾಸ. ತಜ್ಞರ ಮುಂದೆ ಕೂತಾಗ ಸಂಕೋಚಪಡದೆ ಕೇಳಿ: "ಸಾರ್, ನಾವು ಇಷ್ಟು ದೂರದಿಂದ ಬರಬೇಕು, ಕಡಿಮೆ ದಿನದ್ದು ಆಗುತ್ತಾ?" ಬಹಳ ಸಲ ಆಗುತ್ತದೆ.

ತಲೆಯಲ್ಲೇ ಹುಟ್ಟುವ ಗೆಡ್ಡೆಗಿಂತ ಬೇರೆಡೆಯಿಂದ ತಲೆಗೆ, ಬೆನ್ನಿಗೆ ಹಬ್ಬುವ ಕ್ಯಾನ್ಸರ್ ಹೆಚ್ಚು. ಶ್ವಾಸಕೋಶ, ಸ್ತನ, ಮೂತ್ರಪಿಂಡ ಮುಖ್ಯ ಮೂಲಗಳು. ನಮ್ಮ ಕಡೆ ಬಾಯಿಯ ಕ್ಯಾನ್ಸರನ್ನೂ ಮರೆಯಬಾರದು. ಎಲೆ ಅಡಿಕೆ ನಮ್ಮ ಮರ್ಯಾದೆಯ ಭಾಗ, ಆದರೆ ತಂಬಾಕಿಲ್ಲದ ಎಲೆ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಹಾಕುವವರ ಕೆನ್ನೆಯೋ ಗಲ್ಲವೋ ಜೋಮು ಹಿಡಿದರೆ ಅದನ್ನು ಹಲ್ಲಿನ ತೊಂದರೆಯೆಂದು ಬಿಡಬಾರದು. ಬಾಯಿಯ ಕ್ಯಾನ್ಸರ್ ಮುಖದ ನರದ ಗುಂಟ ಹರಿದು ತಲೆಯ ಕಡೆ ಹೊರಟಿರಬಹುದು.

ಎಲ್ಲಕ್ಕಿಂತ ನಾನು ಹೆದರುವುದು ಬೆನ್ನುನೋವಿಗೆ. ಎಲ್ಲರ ಬೆನ್ನುನೋವಿಗೂ ಅಲ್ಲ, ಹಿಂದೆ ಎಂದೋ ಕ್ಯಾನ್ಸರ್ ಆಗಿದ್ದವರ ಬೆನ್ನುನೋವಿಗೆ. ತೋಟದ ಕೆಲಸದಲ್ಲಿ ಬೆನ್ನು ನೋಯದವರು ಯಾರಿದ್ದಾರೆ? ಮೂಟೆ ಹೊತ್ತ ಬೆನ್ನು ಮಲಗಿದರೆ ಹಗುರಾಗುತ್ತದೆ. ಬೆನ್ನುಮೂಳೆಗೆ ಕ್ಯಾನ್ಸರ್ ಇಳಿದಾಗಿನ ನೋವು ಮಲಗಿದರೆ ಹೆಚ್ಚುತ್ತದೆ, ರಾತ್ರಿ ಎಬ್ಬಿಸುತ್ತದೆ, ಎದೆಗೋ ಹೊಟ್ಟೆಗೋ ಪಟ್ಟಿ ಬಿಗಿದಂತೆ ಸುತ್ತಿಕೊಳ್ಳುತ್ತದೆ. ಆಮೇಲೆ ಮೆಟ್ಟಿಲು ಹತ್ತುವಾಗ ಕಾಲು ಸೋಲುತ್ತದೆ, ಕೊನೆಗೆ ಮೂತ್ರ ಕಟ್ಟಿಕೊಳ್ಳುತ್ತದೆ. ಆಲೂರು ಕಡೆಯ ಒಬ್ಬರು, ನಾಲ್ಕು ವರ್ಷದ ಹಿಂದೆ ಸ್ತನದ ಶಸ್ತ್ರಚಿಕಿತ್ಸೆಯಾಗಿದ್ದವರು, ಮೂರು ವಾರ ಉಳುಕು ತೆಗೆಸಿ ಎಣ್ಣೆ ತಿಕ್ಕಿಸಿಕೊಂಡರು. ನನ್ನ ಹತ್ತಿರ ಬಂದದ್ದು ಗೋಡೆ ಹಿಡಿದು ನಡೆಯುತ್ತಾ. ಅದು ಶುಕ್ರವಾರ ಸಂಜೆ. "ಸೋಮವಾರ ಹೋದರಾಗದಾ?" ಎಂದರು ಯಜಮಾನರು. ಆಗುವುದಿಲ್ಲ ಎಂದು ನಾನು ಆ ದಿನ ಸ್ವಲ್ಪ ಜೋರಾಗಿಯೇ ಹೇಳಿದೆ. ಡೆಕ್ಸಾಮೆಥಸೋನ್ ಚುಚ್ಚುಮದ್ದು ಕೊಟ್ಟು, ತೋಟದ ಜೀಪಿನಲ್ಲೇ ಹಾಸಿಗೆ ಹಾಸಿ ಮಲಗಿಸಿ ಅದೇ ರಾತ್ರಿ ಕಳುಹಿಸಿದೆವು. ಅವರು ಇವತ್ತೂ ನಡೆಯುತ್ತಿದ್ದಾರೆ. ಇದರಲ್ಲಿ ನಿಯಮ ಬಹಳ ಸರಳ: ಚಿಕಿತ್ಸೆ ಶುರುವಾಗುವ ಹೊತ್ತಿಗೆ ನಡೆಯುತ್ತಿದ್ದವರು ಬಹುತೇಕ ನಡೆಯುತ್ತಲೇ ಇರುತ್ತಾರೆ, ಕಾಲು ಪೂರ್ತಿ ಬಿದ್ದುಹೋದ ಮೇಲೆ ಬಂದವರಲ್ಲಿ ಎದ್ದು ನಡೆಯುವವರು ಕೆಲವರೇ.

ಆಯ್ದ ರೋಗಿಗಳಲ್ಲಿ ಮೊದಲು ಶಸ್ತ್ರಚಿಕಿತ್ಸೆ ಮಾಡಿ ಆಮೇಲೆ ವಿಕಿರಣ ಕೊಟ್ಟರೆ ನೂರಕ್ಕೆ 84 ಮಂದಿ ನಡೆಯುತ್ತಾರೆ, ವಿಕಿರಣ ಮಾತ್ರವಾದರೆ 57 ಎಂದು ಅಮೆರಿಕದ ಪ್ಯಾಚೆಲ್ 2005ರಲ್ಲಿ ತೋರಿಸಿದರು. ಶಸ್ತ್ರಚಿಕಿತ್ಸೆ ತಡೆಯಲಾರದವರಿಗೆ ಐದು ದಿನದ ವಿಕಿರಣದ ಬದಲು ಒಂದೇ ದಿನ, ಒಂದೇ ಸಲ ಕೊಟ್ಟರೆ? 2019ರಲ್ಲಿ ಬ್ರಿಟನ್ ಮತ್ತು ಆಸ್ಟ್ರೇಲಿಯಾದ 686 ರೋಗಿಗಳ ಅಧ್ಯಯನದಲ್ಲಿ ಎಂಟು ವಾರದ ನಂತರ ನಡೆಯುತ್ತಿದ್ದವರು ಒಂದು ದಿನದ ಗುಂಪಿನಲ್ಲಿ ನೂರಕ್ಕೆ 69, ಐದು ದಿನದ ಗುಂಪಿನಲ್ಲಿ 73. ಎರಡೂ ಸರಿಸಮ ಎಂದು ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಹೇಳಲಾಗದಿದ್ದರೂ ಅಂತರ ಸಣ್ಣದು. ಆಯುಸ್ಸು ಕೆಲವೇ ತಿಂಗಳು ಉಳಿದವರಿಗೆ ನಾಲ್ಕು ದಿನ ಮನೆಯಲ್ಲಿ ಕಳೆಯಲು ಸಿಕ್ಕರೆ ಅದು ದೊಡ್ಡ ಲಾಭ ಎಂದು ನನಗನಿಸುತ್ತದೆ.

ಡೆಕ್ಸಾಮೆಥಸೋನ್ ಬಗ್ಗೆ ಒಂದೆರಡು ಮಾತು. ಮೆದುಳಿನ ಗೆಡ್ಡೆಯ ಸುತ್ತಲಿನ ಬಾವನ್ನು ಅದು ಇಳಿಸುತ್ತದೆಂದು 1961ರಲ್ಲಿ ಗ್ಯಾಲಿಸಿಚ್ ಮತ್ತು ಫ್ರೆಂಚ್ ಎಂಬ ಅಮೆರಿಕದ ವೈದ್ಯರು ವರದಿ ಮಾಡಿದರು. ಮಂಪರಿನಲ್ಲಿದ್ದವರು ಎರಡೇ ದಿನದಲ್ಲಿ ಎದ್ದು ಕೂತು ಊಟ ಕೇಳುವುದನ್ನು ನೋಡಿದ ಮನೆಯವರು ಗುಣವಾಯಿತೆಂದೇ ತಿಳಿಯುತ್ತಾರೆ. ಇಳಿದದ್ದು ಬಾವು, ಗೆಡ್ಡೆ ಅಲ್ಲೇ ಇದೆ. ಅಗ್ಗದ ಮಾತ್ರೆ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅದೇ ಅಪಾಯ. ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಏರುತ್ತದೆ, ತೊಡೆಯ ಶಕ್ತಿ ಕುಂದಿ ನೆಲದಿಂದ ಏಳಲಾಗುವುದಿಲ್ಲ, ಅಡಗಿದ ಕ್ಷಯ ತಲೆಯೆತ್ತುತ್ತದೆ. ಥಟ್ಟನೆ ನಿಲ್ಲಿಸಿದರೆ ಅದೂ ಪ್ರಾಣಕ್ಕೆ ಕುತ್ತು. ಬೆಳಿಗ್ಗೆ ತಿಂಡಿಯಾದ ಮೇಲೆ ನುಂಗಬೇಕು, ಸಂಜೆಯ ಮೇಲೆ ನುಂಗಿದರೆ ನಿದ್ದೆ ಬಾರದು. ಇನ್ನೊಂದು ಸೂಕ್ಷ್ಮ ನಮ್ಮಂಥ ವೈದ್ಯರಿಗೆ: ಗೆಡ್ಡೆ ಲಿಂಫೋಮಾ ಇರಬಹುದೆಂಬ ಅನುಮಾನವಿದ್ದರೆ, ಪ್ರಾಣಕ್ಕೆ ತೀರ ಅಪಾಯವಿಲ್ಲದ ಹೊರತು, ತುಣುಕು ತೆಗೆಯುವವರೆಗೆ ಇದನ್ನು ಕೊಡಬಾರದು. ಗೆಡ್ಡೆ ಕರಗಿ ಪರೀಕ್ಷೆಗೆ ಸಿಗದಂತಾಗುತ್ತದೆ.

ಚಿಕಿತ್ಸೆಯೂ ನರಕ್ಕೆ ಪೆಟ್ಟು ಕೊಡುತ್ತದೆ. ಲೈನ್ ಮನೆಗಳ ಮುಂದೆ ತಾನಾಗಿ ಬೆಳೆಯುವ ಕಾಶಿ ಕಣಗಿಲೆಯನ್ನು ಎಲ್ಲರೂ ನೋಡಿದ್ದೀರಿ, ನಿತ್ಯಪುಷ್ಪ ಎನ್ನುವವರೂ ಇದ್ದಾರೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಆ ಗಿಡದಿಂದ ಬಂದದ್ದು, 1960ರ ದಶಕದಿಂದ ಬಳಕೆಯಲ್ಲಿದೆ. (ಎಲೆ ಅರೆದು ಕುಡಿಯಲು ಹೋಗಬೇಡಿ, ಅದು ವಿಷ.) ವಿನ್‌ಕ್ರಿಸ್ಟಿನ್ನೂ, ಸ್ತನದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟಾಕ್ಸೆಲ್ಲೂ, ಸಿಸ್‌ಪ್ಲಾಟಿನ್ನೂ ಕೈಕಾಲಿನ ಉದ್ದದ ನರಗಳ ತುದಿಯನ್ನು ಸವೆಸುತ್ತವೆ. ಬಾಳ್ಳುಪೇಟೆ ಕಡೆಯ ಒಬ್ಬ ಕೊಯ್ಲಿನ ಹೆಂಗಸು ಆರು ತಿಂಗಳ ಚಿಕಿತ್ಸೆ ಮುಗಿಸಿ ತೋಟಕ್ಕೆ ಮರಳಿದ್ದರು. ಕಾಫಿ ಹಣ್ಣು ಕೊಯ್ಯುವವರ ಬೆರಳು ನೋಡಿದ್ದೀರಲ್ಲ, ಕಣ್ಣು ಬೇರೆಡೆ ಇದ್ದರೂ ಹಣ್ಣಾದದ್ದನ್ನು ತಿರುಚಿ ತೆಗೆದು ಕಾಯಿ ಬಿಟ್ಟು ಮುಂದೆ ಹೋಗುತ್ತಿರುತ್ತದೆ. ಅವರ ಬೆರಳಿಗೆ ಈಗ ಅದು ತಿಳಿಯುತ್ತಿರಲಿಲ್ಲ. "ಕೈಗೆ ಬಟ್ಟೆ ಸುತ್ತಿಕೊಂಡಂಗೆ ಐತೆ, ಹಣ್ಣು ಯಾವ್ದು ಎಲೆ ಯಾವ್ದು ಗೊತ್ತಾಗಲ್ಲ" ಎಂದರು. ರವಿಕೆಯ ಹುಕ್ಕು ಹಾಕಿಕೊಡಲು ಮಗಳು ಬೇಕು. ಕಾಲಿಗೆ ಜಿಗಣೆ ಕಚ್ಚಿದ್ದೂ, ಮುಳ್ಳು ಹೊಕ್ಕಿದ್ದೂ ಸಂಜೆ ರಕ್ತ ಕಂಡ ಮೇಲೆಯೇ ಗೊತ್ತಾಗುವುದು. ಕೊಯ್ಲಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ, ಅವರ ಗಳಿಕೆ ಅರ್ಧಕ್ಕೆ ಇಳಿದಿತ್ತು. ಇದಕ್ಕೆ ಪೂರ್ಣ ಪರಿಹಾರವಾಗುವ ಔಷಧಿಯಿಲ್ಲ. ಉರಿ ಕಡಿಮೆ ಮಾಡಲು ಡ್ಯುಲೋಕ್ಸೆಟಿನ್ ಕೆಲವರಿಗೆ ನೆರವಾಗುತ್ತದೆ, ತಿಂಗಳುಗಳು ಕಳೆದಂತೆ ಸ್ವಲ್ಪ ಮರಳುವುದೂ ಉಂಟು. ಚಿಕಿತ್ಸೆ ನಡೆಯುವಾಗಲೇ ಜುಮುಜುಮು ಶುರುವಾದದ್ದನ್ನು ಹೇಳಿದ್ದರೆ ಔಷಧಿಯ ಪ್ರಮಾಣ ತಗ್ಗಿಸಬಹುದಿತ್ತು. ಅವರು ಹೇಳಿರಲಿಲ್ಲ, ಹೇಳಿದರೆ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೆಂಬ ಭಯ. ನಾನು ತೋಟದ ಮಾಲೀಕರಿಗೆ ಒಂದು ಚೀಟಿ ಬರೆದೆ: ಕಣದಲ್ಲಿ ಕಾಫಿ ಹರವುವ ಕೆಲಸ, ದಿನಗೂಲಿ, ಕಾಲಿಗೆ ಗಮ್‌ಬೂಟು. ಅವರು ಒಪ್ಪಿದರು. ನರರೋಗ ಚಿಕಿತ್ಸೆ ಎಂದರೆ ಇಂಥದೂ ಸೇರುತ್ತದೆ ಎಂದು ಯಾವ ಪಠ್ಯದಲ್ಲೂ ನನಗೆ ಕಲಿಸಿರಲಿಲ್ಲ.

ಕೊನೆಯದಾಗಿ, ಇನ್ನು ಗುಣವಾಗದು ಎಂದು ಗೊತ್ತಾದವರ ವಿಷಯ. ಶ್ವಾಸಕೋಶದ ಕ್ಯಾನ್ಸರ್ ಮೆದುಳಿಗೆ ಹಬ್ಬಿ, ಶಸ್ತ್ರಚಿಕಿತ್ಸೆಗೂ ಸೂಕ್ಷ್ಮ ವಿಕಿರಣಕ್ಕೂ ಒಗ್ಗದ 538 ರೋಗಿಗಳಲ್ಲಿ ಅರ್ಧ ಜನರಿಗೆ ಇಡೀ ತಲೆಗೆ ವಿಕಿರಣ, ಉಳಿದವರಿಗೆ ಡೆಕ್ಸಾಮೆಥಸೋನ್ ಮತ್ತು ಆರೈಕೆ ಮಾತ್ರ ಕೊಟ್ಟು ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಬದುಕಿದ ವಾರಗಳಲ್ಲಾಗಲಿ ಬದುಕಿನ ನೆಮ್ಮದಿಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದ ಮೇಲೆ, ಅಂಥ ರೋಗಿಯನ್ನು ಮನೆಗೆ ಕರೆದುಕೊಂಡು ಹೋದ ಮಕ್ಕಳಿಗೆ "ಕೈಬಿಟ್ಟಿರಿ" ಎನ್ನುವ ಬಂಧುಗಳಿಗೆ ನಾನು ಖುದ್ದಾಗಿ ವಿವರಿಸುತ್ತೇನೆ. ಆದರೆ ಮನೆಯಲ್ಲಿ ನೋಡಿಕೊಳ್ಳಲು ನೋವಿನ ಔಷಧಿ ಬೇಕು. 1985ರ ಮಾದಕವಸ್ತು ಕಾಯಿದೆಯಿಂದ ಮಾರ್ಫಿನ್ ಎಂಬುದು ಆಸ್ಪತ್ರೆಗಳೇ ಮುಟ್ಟಲು ಹೆದರುವ ವಸ್ತುವಾಗಿತ್ತು. 2014ರ ತಿದ್ದುಪಡಿಯಿಂದ ಮಾನ್ಯತೆ ಪಡೆದ ಸಂಸ್ಥೆಗಳು ಅದನ್ನು ಇಟ್ಟು ಕೊಡುವುದು ಸುಲಭವಾಗಿದೆ. ಬೆಂಗಳೂರಿನ ಕರುಣಾಶ್ರಯ 1990ರ ದಶಕದಿಂದ ಈ ಆರೈಕೆ ಕೊಡುತ್ತಿದೆ, ಕಲ್ಲಿಕೋಟೆಯಲ್ಲಿ 1993ರಿಂದ ಇದು ನಡೆಯುತ್ತಿದೆ, ಈಗ ಅಲ್ಲಿ ನೆರೆಹೊರೆಯವರೇ ಇದನ್ನು ಕಲಿತು ಮಾಡುತ್ತಿದ್ದಾರೆ. ಘಾಟಿಯ ಆಚೆ ಆದದ್ದು ಈಚೆ ಯಾಕಾಗಬಾರದು?

ಹೆತ್ತೂರು ಹೋಬಳಿಯ ಒಬ್ಬ ಹಿರಿಯರಿಗೆ ಹೀಗೆ ಕ್ಯಾನ್ಸರ್ ಮೆದುಳಿಗೆ ಹಬ್ಬಿತ್ತು. ಮಗನಿಗೆ ನಾನು ಎರಡು ಸಂಜೆ ಕೂರಿಸಿಕೊಂಡು ಹೇಳಿಕೊಟ್ಟೆ: ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ, ಮಲಬದ್ಧತೆಗೆ ಔಷಧಿ ಅದರ ಜೊತೆಯಲ್ಲೇ, ಫಿಟ್ಸ್ ಬಂದರೆ ಮೂಗಿಗೆ ಸಿಂಪಡಿಸುವ ಮಿಡಾಜೊಲಮ್ ಹೇಗೆ, ಯಾವಾಗ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಸೊಸೆಗೆ ತೋರಿಸಿದೆ. ಹೊಸಕೋಟೆಯ ಕೆಂಚಮ್ಮನಿಗೆ ಹರಕೆ ಹೊತ್ತಿದ್ದರು, ಪ್ರಸಾದವನ್ನು ತಲೆದಿಂಬಿನ ಕೆಳಗೆ ಇಟ್ಟಿದ್ದರು. ಒಂದು ರಾತ್ರಿ ಹನ್ನೊಂದಕ್ಕೆ ಫೋನು ಬಂತು, ಫಿಟ್ಸ್. ಆನೆಗಳು ರಸ್ತೆಯಲ್ಲಿವೆ ಎಂಬ ವಾಟ್ಸ್ಯಾಪ್ ಸಂದೇಶ ಸಂಜೆಯೇ ಬಂದಿತ್ತು, ನಾನೂ ಹೋಗುವಂತಿರಲಿಲ್ಲ, ಆಂಬುಲೆನ್ಸೂ ಬರುವಂತಿರಲಿಲ್ಲ. ಫೋನಿನಲ್ಲೇ ಜೊತೆಯಲ್ಲಿದ್ದೆ. ಮಗ ಔಷಧಿ ಸಿಂಪಡಿಸಿದ, ನಾಲ್ಕು ನಿಮಿಷಕ್ಕೆ ನಿಂತಿತು. ಅದಾದ ಮೇಲೆ ಆ ಹಿರಿಯರು ಹನ್ನೊಂದು ದಿನ ಇದ್ದರು, ತಮ್ಮ ಜಗಲಿಯಲ್ಲಿ, ನೋವಿಲ್ಲದೆ.

ತಿಥಿ ಮುಗಿದ ಮರುದಿನ ಮಗ ಬಂದ. ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿದ ಮಾರ್ಫಿನ್ ಮಾತ್ರೆಗಳಿದ್ದವು. ಕೊಟ್ಟ ಸಂಸ್ಥೆಗೆ ಹಿಂದಿರುಗಿಸಬೇಕೆಂದು ನಾನೇ ಹೇಳಿದ್ದೆ. ಇಬ್ಬರೂ ಕೂತು ಎಣಿಸಿದೆವು. ಹದಿನಾಲ್ಕು. ಅವನು ಕೊಟ್ಟ ವೇಳೆಗಳನ್ನೆಲ್ಲ ಮಗಳ ಶಾಲೆಯ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ, ಒಂದು ಸಲವೂ ತಪ್ಪಿರಲಿಲ್ಲ. ಆ ಪುಸ್ತಕವನ್ನು ನನಗೆ ಕೊಡುತ್ತೀಯಾ ಎಂದು ಕೇಳಿದೆ. ಈಗ ಇನ್ನೊಂದು ಮನೆಯವರಿಗೆ ಹೇಳಿಕೊಡುವಾಗ ಅದನ್ನೇ ತೆರೆದು ತೋರಿಸುತ್ತೇನೆ.